ಹೇರುಕುದುರೆಯ ಮೇಲಿನ ಡಾರ್ಕ್‌ರೂಮ್: ಹಳೆಯ ವ್ಯಾಪಾರದ ದಾರಿಗಳ ಮೊದಲ ಫೋಟೋಗಳು ಆದ ಬಗೆ

ಗಾಜಿನ ಫಲಕವನ್ನು ಬೆಳ್ಳಿಯ ದ್ರಾವಣದಿಂದ ಮೇಲೆತ್ತಿದ ಗಳಿಗೆಯಿಂದ ಛಾಯಾಗ್ರಾಹಕನ ಕೈಯಲ್ಲಿ ಇರುತ್ತಿದ್ದುದು ಸುಮಾರು ಹತ್ತು ನಿಮಿಷ. ಅಷ್ಟರೊಳಗೆ ಅದನ್ನು ಬೆಳಕು ತಾಗದ ಮರದ ಚೌಕಟ್ಟಿಗೆ ಹಾಕಿ, ಡೇರೆಯಿಂದ ಕ್ಯಾಮೆರಾ ನಿಂತ ಜಾಗಕ್ಕೆ ಹೋಗಿ, ಚಿತ್ರ ತೆಗೆದು, ಡೇರೆಗೆ ಮರಳಿ ಡೆವಲಪ್ ಮಾಡಿ ಮುಗಿಸಬೇಕು. ಗಾಜು ಒಣಗಿತೆಂದರೆ ಅಷ್ಟೂ ಕೆಲಸ ನೀರುಪಾಲು. ಒಂದು ಕ್ಲಿಕ್ಕಿಗೆ ಬೇಕಾದ ಡೇರೆ, ಶೀಶೆಗಳು, ಗಾಜು, ನೀರು ಎಲ್ಲವೂ ಕ್ಯಾಮೆರಾದ ಪಕ್ಕದಲ್ಲೇ ಇರಬೇಕು.

ಊರಿನ ಸ್ಟುಡಿಯೋದಲ್ಲೇ ಇದು ಸುಲಭದ ಕೆಲಸವಲ್ಲ. 1860 ಮತ್ತು 70ರ ದಶಕಗಳಲ್ಲಿ ಕೆಲವರು ಇದನ್ನು ಹಿಮಾಲಯದ ಕಣಿವೆಗಳಲ್ಲೂ ಚೀನಾದ ವಾಯವ್ಯದ ಮರಳು ನೆಲದಲ್ಲೂ ಮಾಡಿದರು. ಅವರು ತಂದ ಚಿತ್ರಗಳು ಇಂದು ಗ್ರಂಥಾಲಯಗಳ ಜಾಲತಾಣಗಳಲ್ಲಿ ಯಾರಿಗೂ ಸಿಗುತ್ತವೆ. ನೋಡಿದಾಗ ನಮ್ಮ ಕಣ್ಣು ಮುಖ, ಉಡುಪು, ಕಟ್ಟಡಗಳ ಮೇಲೆ ಹೋಗುತ್ತದೆ. ಆದರೆ ಚಿತ್ರ ತೆಗೆದದ್ದು ಇಲ್ಲೇ ಏಕೆ, ಆಕಾಶ ಬೋಳಾಗಿರುವುದೇಕೆ, ಸಂತೆಯ ಬೀದಿಯಲ್ಲಿ ಜನರೇ ಇಲ್ಲವೇಕೆ ಎಂದು ಕೇಳಿದರೆ, ಉತ್ತರ ಬಹುಪಾಲು ಸಿಗುವುದು ನೀರಿನಲ್ಲಿ, ಗಾಜಿನ ತೂಕದಲ್ಲಿ, ಆ ಹತ್ತು ನಿಮಿಷಗಳಲ್ಲಿ. ಛಾಯಾಗ್ರಾಹಕನ ಕಲಾದೃಷ್ಟಿಗೆ ಉಳಿಯುತ್ತಿದ್ದ ಜಾಗ ನಾವು ಅಂದುಕೊಳ್ಳುವುದಕ್ಕಿಂತ ಬಹಳ ಚಿಕ್ಕದು.

ಯಾವ ದಾರಿಗಳು

ಮೊದಲನೆಯದು ಶಿಮ್ಲಾದಿಂದ ಸಟ್ಲೆಜ್ ನದಿಯ ಗುಂಟ ಕಿನ್ನೌರಿನತ್ತ ಹೋಗುವ ಹಿಂದೂಸ್ತಾನ್–ಟಿಬೆಟ್ ರಸ್ತೆ. ಟಿಬೆಟಿನ ಪಶ್ಮೀನಾ ಉಣ್ಣೆಯ ವ್ಯಾಪಾರವನ್ನು ತಮ್ಮ ಕಡೆಗೆ ಎಳೆಯಲು ಬ್ರಿಟಿಷರು 1850ರಲ್ಲಿ ಇದನ್ನು ಕಡಿಸತೊಡಗಿದರು. 1863ರಲ್ಲಿ ಬ್ರಿಟಿಷ್ ಛಾಯಾಗ್ರಾಹಕ ಸ್ಯಾಮ್ಯುಯೆಲ್ ಬೌರ್ನ್ ಸುಮಾರು 30 ಹೊರೆಯಾಳುಗಳೊಡನೆ ಈ ದಾರಿಯಲ್ಲಿ ಹೋಗಿ, ಹತ್ತು ವಾರಗಳಲ್ಲಿ 147 ನೆಗೆಟಿವ್‌ಗಳನ್ನು ತಂದ. 1866ರಲ್ಲಿ ಆತ ಕಿನ್ನೌರ್ ಮತ್ತು ಸ್ಪಿತಿಯ ನಡುವಿನ ಮಾನಿರಂಗ್ ಕಣಿವೆದಾರಿಯನ್ನು ಏರಿ, ಸುಮಾರು 18,600 ಅಡಿ ಎತ್ತರದಲ್ಲಿ ಚಿತ್ರ ತೆಗೆದ. ಅಷ್ಟು ಮೇಲೆ ಯಾರೂ ಬಹುಕಾಲ ಕ್ಯಾಮೆರಾ ಹೂಡಲಿಲ್ಲ.

ಎರಡನೆಯದು ಲಡಾಖಿನ ಲೇಹ್‌ನಿಂದ, ಈಗ ಚೀನಾದ ಪಶ್ಚಿಮ ತುದಿಯಲ್ಲಿರುವ ಯಾರ್ಕಂದಿಗೆ ಹೋಗುವ ದಾರಿ. ಖಾರ್ದುಂಗ್ ಲಾ, ಸಾಸೆರ್ ಲಾ, ಡೆಪ್ಸಾಂಗ್ ಬಯಲು, ಆಮೇಲೆ 5,540 ಮೀಟರ್ ಎತ್ತರದ ಕಾರಕೋರಂ ಕಣಿವೆದಾರಿ. ದಾರಿಯುದ್ದಕ್ಕೂ ಸತ್ತ ಕುದುರೆಗಳ ಮೂಳೆಗಳೇ ಮೈಲಿಗಲ್ಲು. 1873ರಲ್ಲಿ ಡಗ್ಲಸ್ ಫೋರ್ಸಿತ್ ಮುಂದಾಳಾಗಿದ್ದ ಬ್ರಿಟಿಷ್ ನಿಯೋಗ ಸುಮಾರು 350 ಜನ, 550 ಹೇರುಪ್ರಾಣಿಗಳೊಡನೆ ಈ ದಾರಿ ಹಿಡಿದು, ಡಿಸೆಂಬರಿನಲ್ಲಿ ಕಾಶ್ಗರ್ ಮುಟ್ಟಿತು. ಅಲ್ಲಿ ಆಗ ಆಳುತ್ತಿದ್ದವನು ಯಾಕೂಬ್ ಬೇಗ್. ಕ್ಯಾಪ್ಟನ್ ಚಾಪ್ಮನ್ ಮತ್ತು ಕ್ಯಾಪ್ಟನ್ ಟ್ರಾಟರ್ ತೆಗೆದ ಫೋಟೋಗಳು 1875ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾದ ಸರ್ಕಾರಿ ವರದಿಯಲ್ಲಿವೆ. ಮರಳುವ ದಾರಿಯಲ್ಲಿ, 1874ರ ಜೂನ್ ತಿಂಗಳಲ್ಲಿ, ನಿಯೋಗದ ಭೂವಿಜ್ಞಾನಿ ಸ್ಟೊಲಿಚ್ಕಾ ಎತ್ತರದ ಕಾಯಿಲೆಯಿಂದ ತೀರಿಕೊಂಡ. ಜೀವಕ್ಕೇ ಅಷ್ಟು ಕುತ್ತಿದ್ದ ದಾರಿಯಲ್ಲಿ ಗಾಜಿನ ಪೆಟ್ಟಿಗೆಗಳೂ ನಡೆದವು.

ಮೂರನೆಯದು ಚೀನಾದ ಗಾನ್ಸು ಪಟ್ಟಿ. ಚಹಾ ಸಾಗಿಸಲು ರಷ್ಯಾಕ್ಕೆ ಹತ್ತಿರದ ದಾರಿ ಇದೆಯೇ ಎಂದು ನೋಡಲು 1874–75ರಲ್ಲಿ ರಷ್ಯದ ಸೇನಾಧಿಕಾರಿ ಸೊಸ್ನೋವ್ಸ್ಕಿಯ ತಂಡ ಹಾನ್ ನದಿಯಿಂದ ಲಾನ್‌ಜೌಗೆ, ಅಲ್ಲಿಂದ ಹಾಮಿಯ ಮೂಲಕ ರಷ್ಯದ ಗಡಿಗೆ ಹೋಯಿತು. ಛಾಯಾಗ್ರಾಹಕ ಅಡಾಲ್ಫ್ ಬೊಯಾರ್ಸ್ಕಿ. ಆತನ ಚಿತ್ರಗಳ ಒಂದು ಸಂಗ್ರಹ ಈಗ ಇರುವುದು ಬ್ರೆಜಿಲ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ. ಫೋಟೋ ಎಂದರೆ ಪ್ರಾಣ ಬಿಡುತ್ತಿದ್ದ ಚಕ್ರವರ್ತಿ ಎರಡನೇ ಪೆದ್ರೋನ ಸಂಗ್ರಹದೊಡನೆ ಅದು ಅಲ್ಲಿ ಉಳಿಯಿತು.

ಗಾಜಿಗಿಂತ ಮೊದಲು ಕಾಗದ

ಇಷ್ಟೆಲ್ಲ ಕಷ್ಟದ ಗಾಜೇ ಏಕೆ ಬೇಕಿತ್ತು? ಬೇರೆ ವಿಧಾನವೂ ಇತ್ತು, ಅದರ ಒಳ್ಳೆಯ ಉದಾಹರಣೆ ನಮ್ಮ ಹಂಪಿಯದೇ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಗುಡಿಗಳನ್ನು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದ. ಅದಕ್ಕೂ ಮೊದಲೇ ಲಿನಿಯಸ್ ಟ್ರೈಪ್ ಹಳೇಬೀಡು, ಬೇಲೂರುಗಳಲ್ಲಿ ಕಾಗದದ ಮೇಲೆಯೇ ಕೆಲಸ ಮಾಡಿದ್ದ. ಮೇಣದ ಕಾಗದವನ್ನು ಹಲವು ದಿನ ಮೊದಲೇ ಸಿದ್ಧಮಾಡಿ ಇಟ್ಟುಕೊಳ್ಳಬಹುದು, ಬಿಸಿಲ ನಾಡಿನಲ್ಲಿ ಒಣಗುವ ಭಯವಿಲ್ಲ, ಒಡೆಯುವುದಿಲ್ಲ, ನೂರು ಹಾಳೆ ಸೇರಿಸಿದರೂ ತೂಕ ಕಡಿಮೆ. ಆದರೆ ಒಂದು ಚಿತ್ರಕ್ಕೆ ಹಲವಾರು ನಿಮಿಷ ಲೆನ್ಸ್ ತೆರೆದಿಡಬೇಕು. ಕಲ್ಲಿನ ರಥ, ಕಂಬಗಳು ಅಷ್ಟು ಹೊತ್ತು ಕಾಯುತ್ತವೆ. ಯಾರ್ಕಂದಿನ ವ್ಯಾಪಾರಿ ಕಾಯುವುದಿಲ್ಲ. ಕಾಗದದ ನಾರು ಸೂಕ್ಷ್ಮ ವಿವರಗಳನ್ನೂ ಸ್ವಲ್ಪ ಮಸುಕಾಗಿಸುತ್ತದೆ. ಗಾಜಿನ ಮೇಲಾದರೆ ಕೆಲವೇ ಸೆಕೆಂಡುಗಳ ಕೆಲಸ, ಕೂದಲೆಳೆಯಷ್ಟು ಸ್ಪಷ್ಟತೆ. ಜನರ ಮುಖ ಬೇಕಿದ್ದವರು ಗಾಜನ್ನೇ ಹೊತ್ತರು.

ಒಂದು ಫಲಕ ಆಗುವ ಬಗೆ

ಫ್ರೆಡರಿಕ್ ಸ್ಕಾಟ್ ಆರ್ಚರ್ 1851ರಲ್ಲಿ ಪ್ರಕಟಿಸಿದ ಹಸಿ ಕೊಲೋಡಿಯನ್ ವಿಧಾನ ಮುಂದಿನ ಮೂವತ್ತು ವರ್ಷ ಜಗತ್ತನ್ನು ಆಳಿತು. 12×10 ಅಂಗುಲದ ಒಂದು ಫಲಕವನ್ನು ಹಿಡಿದು ನೋಡೋಣ.

ಮೊದಲು ಗಾಜನ್ನು ನಯವಾದ ಕಲ್ಲುಪುಡಿ ಮತ್ತು ಆಲ್ಕೋಹಾಲ್ ಹಾಕಿ ತಿಕ್ಕಬೇಕು. ಬಾಯುಸಿರು ಊದಿದಾಗ ಮಂಜು ಒಂದೇ ಸಮನೆ ಕೂತು ಒಂದೇ ಸಮನೆ ಆರಿದರೆ ಗಾಜು ಶುದ್ಧ. ಎಲ್ಲಿ ಎಣ್ಣೆಯ ಅಂಶ ಉಳಿಯಿತೋ ಅಲ್ಲಿ ಪದರ ಕಿತ್ತು ಬರುತ್ತದೆ.

ಕೊಲೋಡಿಯನ್ ಎಂದರೆ ಗನ್‌ಕಾಟನ್ ಅನ್ನು, ಅಂದರೆ ಆಮ್ಲದಲ್ಲಿ ಅದ್ದಿ ಸಿದ್ಧಪಡಿಸಿದ ಹತ್ತಿಯನ್ನು, ಈಥರ್ ಮತ್ತು ಆಲ್ಕೋಹಾಲಿನಲ್ಲಿ ಕರಗಿಸಿದ್ದು. ಅದಕ್ಕೆ ಅಯೋಡೈಡ್, ಬ್ರೋಮೈಡ್ ಲವಣಗಳು ಸೇರಿರುತ್ತವೆ. ನೋಡಲು ಎಳೆಪಾಕದ ಹದ. ಎಡಗೈಯ ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಗಾಜಿನ ಒಂದು ಮೂಲೆ ಹಿಡಿದು, ನಡುವಿಗೆ ಸುಮಾರು 30 ಮಿಲಿ ಸುರಿಯಬೇಕು. ಗಾಜನ್ನು ಮೆಲ್ಲಗೆ ವಾಲಿಸುತ್ತ ದ್ರವವನ್ನು ಒಂದು ಮೂಲೆಗೆ, ಅಲ್ಲಿಂದ ಇನ್ನೊಂದಕ್ಕೆ, ಮತ್ತೊಂದಕ್ಕೆ ಓಡಿಸಿ, ಕೊನೆಯ ಮೂಲೆಯಿಂದ ಶೀಶೆಗೇ ಮರಳಿ ಇಳಿಸಬೇಕು. ಇಳಿಯುವಾಗ ಗಾಜನ್ನು ಅತ್ತಿತ್ತ ಅಲುಗಿಸದಿದ್ದರೆ ಮಳೆಗೆರೆಗಳಂತೆ ಸಾಲು ಮೂಡುತ್ತದೆ. ಸುರಿಯುವಾಗ ಕೈ ತಡೆದರೆ ಅಲ್ಲೊಂದು ದಪ್ಪ ಏಣು. ಇದಕ್ಕೆ ಸಿಗುವುದು ಹತ್ತಿಪ್ಪತ್ತು ಸೆಕೆಂಡು.

ಮೂಲೆಯನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದಾಗ ಗುರುತು ಉಳಿದರೂ ದ್ರವ ಅಂಟಿ ಬರಬಾರದು. ಆ ಹದಕ್ಕೆ ಬಂದ ಕೂಡಲೇ, ಹಳದಿ ಅಥವಾ ಕಿತ್ತಳೆ ಬಟ್ಟೆಯ ಕಿಂಡಿಯಿಂದ ಬೆಳಕು ಬರುವ ಡೇರೆಯೊಳಗೆ, ಸಿಲ್ವರ್ ನೈಟ್ರೇಟ್ ತೊಟ್ಟಿಯಲ್ಲಿ ತಡೆಯದೆ ಒಂದೇ ಸಮ ಮುಳುಗಿಸಬೇಕು. ನಡುವೆ ನಿಂತರೆ ಅಡ್ಡ ಗೆರೆ ಶಾಶ್ವತ. ಇಷ್ಟು ದೊಡ್ಡ ಗಾಜಿಗೆ ಎರಡು ಲೀಟರಿಗೂ ಹೆಚ್ಚು ದ್ರಾವಣ ಬೇಕು, ಶೇ 7ರ ಲೆಕ್ಕದಲ್ಲಿ ಅದರಲ್ಲಿ ಸುಮಾರು 150 ಗ್ರಾಂ ಸಿಲ್ವರ್ ನೈಟ್ರೇಟ್ ಇರುತ್ತದೆ. ಮೂರರಿಂದ ಐದು ನಿಮಿಷದಲ್ಲಿ ಪದರ ಕೆನೆಯ ಬಣ್ಣಕ್ಕೆ ತಿರುಗುತ್ತದೆ. ಈಗ ಗಾಜು ಬೆಳಕಿಗೆ ಸ್ಪಂದಿಸುತ್ತದೆ, ಗಡಿಯಾರ ಓಡತೊಡಗುತ್ತದೆ.

ಕ್ಯಾಮೆರಾದ ಹಿಂದಿನ ಮಸುಕು ಗಾಜಿನ ಮೇಲೆ ತಲೆಕೆಳಗಾದ ಚಿತ್ರ ನೋಡಿ ಫೋಕಸ್ ಮಾಡುವ ಕೆಲಸ ಮೊದಲೇ ಮುಗಿದಿರಬೇಕು. ಲೆನ್ಸಿನ ಮುಚ್ಚಳ ತೆಗೆದು ಎಣಿಸುವುದೇ ಆಗಿನ ಶಟರ್. ಆಮೇಲೆ ಡೇರೆಗೆ ಬಂದು, ಅನ್ನಭೇದಿ, ಅಸಿಟಿಕ್ ಆಮ್ಲ, ಸ್ವಲ್ಪ ಆಲ್ಕೋಹಾಲ್ ಕೂಡಿದ ಡೆವಲಪರನ್ನು ಗಾಜಿನ ಅಂಚಿನಿಂದ ಒಂದೇ ಅಲೆಯಾಗಿ ಹರಿಸಬೇಕು. ಇಲ್ಲೊಂದು ಸೂಕ್ಷ್ಮವಿದೆ. ಡೆವಲಪರ್ ಗಾಜಿನ ಮೇಲೆಯೇ ನಿಲ್ಲಬೇಕು, ಹೊರಗೆ ಚೆಲ್ಲಬಾರದು. ಪದರದ ಮೇಲೆ ಉಳಿದಿರುವ ಬೆಳ್ಳಿಯ ದ್ರಾವಣವೇ ಚಿತ್ರಕ್ಕೆ ಬೆಳ್ಳಿ ಒದಗಿಸುವುದು, ಅದು ತೊಳೆದುಹೋದರೆ ಚಿತ್ರ ತೆಳ್ಳಗಾಗುತ್ತದೆ. ಗಾಜು ಒಣಗಿದರೆ ಕೆಲಸ ಕೆಡುವುದಕ್ಕೂ ಇದೇ ದ್ರಾವಣ ಕಾರಣ: ನೀರು ಆರಿದಾಗ ಸಿಲ್ವರ್ ನೈಟ್ರೇಟ್ ಹರಳುಗಟ್ಟಿ ಪದರವನ್ನು ತೂತು ಮಾಡುತ್ತದೆ, ಡೆವಲಪರ್ ಒಳಗಿಳಿಯುವುದಿಲ್ಲ. ಹದಿನೈದು ಇಪ್ಪತ್ತು ಸೆಕೆಂಡಿನಲ್ಲಿ ನೆರಳುಗಳ ವಿವರ ಮೂಡಿದ ಕೂಡಲೇ ನೀರು ಸುರಿದು ತಡೆಯಬೇಕು.

ಕೊನೆಗೆ ಹೈಪೋ (ಸೋಡಿಯಂ ಥಯೋಸಲ್ಫೇಟ್) ಅಥವಾ ಪೊಟ್ಯಾಸಿಯಂ ಸಯನೈಡ್‌ನಿಂದ ಉಳಿದ ಬೆಳ್ಳಿಯ ಲವಣ ಕರಗಿಸಿ, ತೊಳೆದು, ಒಣಗಿಸಿ, ಗಾಜನ್ನು ಬೆಚ್ಚಗೆ ಮಾಡಿ ಸ್ಯಾಂಡರಾಕ್ ರಾಳದ ವಾರ್ನಿಷ್ ಹಚ್ಚಬೇಕು. ವಾರ್ನಿಷ್‌ಗೆ ಲ್ಯಾವೆಂಡರ್ ಎಣ್ಣೆ ಬೆರೆಸುತ್ತಿದ್ದುದು ಸುವಾಸನೆಗಲ್ಲ, ಪದರ ಬಿರುಕು ಬಿಡದೆ ಮೃದುವಾಗಿರಲಿ ಎಂದು.

ಸಯನೈಡ್ ವಿಷವೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ದಾರಿಯಲ್ಲಿ ಅದನ್ನೇ ಬಯಸಲು ನೀರು ಕಾರಣ. ಹೈಪೋ ಪದರದೊಳಗೆ ಉಳಿದರೆ ಚಿತ್ರ ಕೆಲವು ವರ್ಷಗಳಲ್ಲಿ ಹಳದಿಗಟ್ಟುತ್ತದೆ, ಅದನ್ನು ಪೂರ್ತಿ ತೆಗೆಯಲು ಹಲವು ಬಾರಿ ನೀರು ಬದಲಿಸಬೇಕು. ಸಯನೈಡ್ ಅದಕ್ಕಿಂತ ತುಂಬ ಕಡಿಮೆ ನೀರಿಗೆ ಹೋಗಿಬಿಡುತ್ತದೆ. ಬಿಂದಿಗೆ ಲೆಕ್ಕದಲ್ಲಿ ನೀರು ಅಳೆಯುವ ಜಾಗದಲ್ಲಿ ಈ ವ್ಯತ್ಯಾಸ ದೊಡ್ಡದು.

ಎತ್ತರ, ಚಳಿ, ಉಪ್ಪುನೀರು, ಧೂಳು

ಈಥರ್ ಸಮುದ್ರಮಟ್ಟದಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. 18,000 ಅಡಿಯಲ್ಲಿ ಗಾಳಿಯ ಒತ್ತಡ ಅರ್ಧಕ್ಕೆ ಇಳಿದಿರುತ್ತದೆ, ಅಲ್ಲಿ ಅದು 17 ಡಿಗ್ರಿಯ ಆಸುಪಾಸಿನಲ್ಲೇ ಕುದಿಯಬಲ್ಲದು. ನಡುಹಗಲಿನ ಬಿಸಿಲಿಗೆ ಮುಚ್ಚಿದ ಡೇರೆ ಬೆಚ್ಚಗಾದರೆ ಕೊಲೋಡಿಯನ್ ಶೀಶೆಯ ಬಿರಡೆ ತೆಗೆದೊಡನೆ ಗುಳ್ಳೆ ಏಳುತ್ತದೆ. ಗಾಜಿನ ಮೇಲೆ ಸುರಿದದ್ದು ಅಂಚು ಮುಟ್ಟುವ ಮೊದಲೇ ಗಟ್ಟಿಯಾಗುತ್ತದೆ. ಇದಕ್ಕೆ ಮದ್ದು ಈಥರ್ ಕಡಿಮೆ ಮಾಡಿ ಆಲ್ಕೋಹಾಲ್ ಹೆಚ್ಚಿಸುವುದು. ಆದರೆ ಬೆಳಗಿನ ಚಳಿಗೆ ಬೇಕಾದದ್ದು ಇದಕ್ಕೆ ತಿರುಗುಮುರುಗು: ಈಥರ್ ಹೆಚ್ಚಿಲ್ಲದಿದ್ದರೆ ಪದರ ಹದಕ್ಕೆ ಬರುವುದೇ ಇಲ್ಲ. ಒಂದೇ ದಿನಕ್ಕೆ ಎರಡು ಬಗೆಯ ಕೊಲೋಡಿಯನ್ ಬೇಕಾಗುತ್ತದೆ. ಮುಚ್ಚಿದ ಡೇರೆಯಲ್ಲಿ ಈಥರ್ ಆವಿ ಉಸಿರಾಡುತ್ತ, ಆಮ್ಲಜನಕವೇ ಅರ್ಧಕ್ಕಿಳಿದ ಗಾಳಿಯಲ್ಲಿ ತಲೆ ನೆಟ್ಟಗಿಟ್ಟುಕೊಂಡು ಸೆಕೆಂಡು ಎಣಿಸುವುದು ಎಷ್ಟು ಕಷ್ಟವೆಂದು ಎತ್ತರದ ತಲೆನೋವು ಅನುಭವಿಸಿದವರು ಊಹಿಸಬಲ್ಲರು.

ಬೆಳ್ಳಿಯ ತೊಟ್ಟಿ ನೀರಿಗಿಂತ ಹೆಚ್ಚೇನೂ ತಡೆಯುವುದಿಲ್ಲ. ಶೇ 7ರ ದ್ರಾವಣ ಸೊನ್ನೆಗಿಂತ ಒಂದೂವರೆ ಡಿಗ್ರಿ ಕೆಳಗೆ ಹೆಪ್ಪುಗಟ್ಟತೊಡಗುತ್ತದೆ. ಗಾಜಿನ ತೊಟ್ಟಿಯಾದರೆ ಹೆಪ್ಪಿನ ಒತ್ತಡಕ್ಕೆ ಸೀಳುತ್ತದೆ. ತೊಟ್ಟಿ ಒಡೆದರೆ ಆ ಯಾತ್ರೆಯ ಫೋಟೋ ಕೆಲಸವೇ ಮುಗಿದಂತೆ, ಮುಂದಿನ ಊರಿನಲ್ಲಿ ಸಿಲ್ವರ್ ನೈಟ್ರೇಟ್ ಮಾರುವ ಅಂಗಡಿ ಇರುವುದಿಲ್ಲ. ಚಳಿಯಲ್ಲಿ ಡೆವಲಪರ್ ಕೂಡ ಸೋಮಾರಿ, ಹದಿನೈದು ಸೆಕೆಂಡಿನ ಕೆಲಸ ನಿಮಿಷಕ್ಕೆ ಹೋಗುತ್ತದೆ.

ನೀರಿನ ವಿಷಯ ಎರಡು ಪಾಲು. ತೊಳೆಯಲು ಹೊಳೆಯ ನೀರಾದರೂ ನಡೆಯುತ್ತದೆ. ತೊಟ್ಟಿಗೆ ಹಾಕುವ ನೀರಿನಲ್ಲಿ ಮಾತ್ರ ಒಂದು ಚಿಟಿಕೆ ಉಪ್ಪೂ ಇರಬಾರದು, ಕ್ಲೋರೈಡ್ ಸೇರಿದ ಕೂಡಲೇ ಸಿಲ್ವರ್ ಕ್ಲೋರೈಡ್ ಹಾಲಿನಂತೆ ಒಡೆದು ಬೆಲೆಬಾಳುವ ಬೆಳ್ಳಿ ತಳಕ್ಕಿಳಿಯುತ್ತದೆ. ಆದ್ದರಿಂದ ಬಟ್ಟಿ ಇಳಿಸಿದ ನೀರು ಹೊರಬೇಕು. ಹಿಮಾಲಯದಲ್ಲಿ ಹೊಸ ಹಿಮ ಕರಗಿಸಿದರೆ ಬಹುಪಾಲು ಶುದ್ಧ ನೀರೇ ಸಿಗುತ್ತದೆ, ಆದರೆ ಡೆಪ್ಸಾಂಗಿನಂಥ ಬಯಲಿನಲ್ಲಿ ಒಂದು ಕಡ್ಡಿ ಸೌದೆ ಸಿಗದು. ಯಾರ್ಕಂದ್, ಕಾಶ್ಗರ್‌ಗಳಿರುವ ತಾರಿಮ್ ಬಯಲಿನಲ್ಲಿ ಸೌದೆಯುಂಟು, ಬಾವಿಯ ನೀರು ಉಪ್ಪು. ಹಳೆಯ ಯಾತ್ರೆಗಳ ಚಿತ್ರಗಳು ನದಿ, ತೊರೆ, ಓಯಸಿಸ್‌ಗಳ ಹತ್ತಿರವೇ ಗುಂಪುಗಟ್ಟಿರುವುದಕ್ಕೂ ಎರಡು ಓಯಸಿಸ್‌ಗಳ ನಡುವಿನ ದಾರಿ ಖಾಲಿ ಉಳಿದಿರುವುದಕ್ಕೂ ಇದೊಂದು ದೊಡ್ಡ ಕಾರಣ.

ಧೂಳಿನ ಹಾನಿ ಕಣ್ಣಿಗೆ ಕಾಣುವಂಥದ್ದು. ಹಸಿ ಪದರದ ಮೇಲೆ ಒಂದು ಕಣ ಕೂತರೆ ಡೆವಲಪರ್ ಹರಿಯುವಾಗ ಅದರ ಹಿಂದೆ ಬಾಲ ಮೂಡುತ್ತದೆ, ಧೂಮಕೇತುವಿನ ಹಾಗೆ. ಆ ಬಾಲಗಳ ದಿಕ್ಕು ನೋಡಿ ಡೆವಲಪರ್ ಯಾವ ಕಡೆಯಿಂದ ಸುರಿದರೆಂದು ಹೇಳಬಹುದು. ಮರದ ಚೌಕಟ್ಟಿನ ಕೆಳತುದಿ ಕೊಳೆಯಾಗಿದ್ದರೆ ಅಲ್ಲಿ ನಿಂತ ಬೆಳ್ಳಿಯ ನೀರು ಮೇಲಕ್ಕೆ ಹತ್ತಿ ಚಿಪ್ಪಿನಾಕಾರದ ಕಲೆ ಬಿಡುತ್ತದೆ. ಚಿತ್ರವೆಲ್ಲ ಮಬ್ಬಾಗಿದ್ದರೆ ಅನುಮಾನ ತೊಟ್ಟಿಯ ಮೇಲೆ: ಪ್ರತಿ ಗಾಜಿನೊಡನೆ ಈಥರ್, ಆಲ್ಕೋಹಾಲ್, ಕೊಳೆ ಅದರೊಳಗೆ ಸೇರುತ್ತ ಹೋಗುತ್ತದೆ. ಆಗ ದ್ರಾವಣವನ್ನು ಬಿಳಿ ಶೀಶೆಯಲ್ಲಿ ಬಿಸಿಲಿಗಿಟ್ಟು ಕೊಳೆ ಕಪ್ಪಾಗಿ ತಳಕ್ಕಿಳಿದ ಮೇಲೆ ಸೋಸಬೇಕು. ಅದಕ್ಕೆ ದಿನಗಳು ಬೇಕು, ಪಯಣದ ತಂಡ ಕಾಯುವುದಿಲ್ಲ. ಬೌರ್ನ್‌ನಂಥವರು ಎರಡು ತೊಟ್ಟಿ ಒಯ್ಯುತ್ತಿದ್ದುದು ಇದಕ್ಕೇ.

ತೂಕದ ಲೆಕ್ಕ

ಬೌರ್ನ್ ತನ್ನ 1863ರ ಯಾತ್ರೆಗೆ 12×10 ಅಂಗುಲದ 250 ಗಾಜು, 8×4½ ಅಂಗುಲದ 400 ಗಾಜು ಒಯ್ದ. ಹತ್ತು ಅಡಿ ಎತ್ತರದ, ಕೊಡೆಯಂತೆ ಬಿಚ್ಚಿ ಮುಚ್ಚುವ ಡೇರೆ ಬೇರೆ. ದೊಡ್ಡ ಗಾಜು ಎರಡೂವರೆ ಮಿಲಿಮೀಟರ್ ದಪ್ಪ ಎಂದಿಟ್ಟುಕೊಂಡರೆ ಒಂದೊಂದು ಹತ್ತಿರ ಹತ್ತಿರ ಅರ್ಧ ಕಿಲೋ, 250ಕ್ಕೆ 120 ಕಿಲೋ. ಚಿಕ್ಕವು ಎರಡು ಮಿಲಿಮೀಟರ್ ಎಂದರೂ 45 ಕಿಲೋ ಮೇಲೆ. ಬರಿಯ ಗಾಜೇ 165 ಕಿಲೋ, ಅಂದರೆ ಕಡಿದಾದ ದಾರಿಯಲ್ಲಿ ಆರೇಳು ಜನರ ಬೆನ್ನು. ಪೆಟ್ಟಿಗೆಗಳು, ಶೀಶೆಗಳು, ಕ್ಯಾಮೆರಾ, ಮುಕ್ಕಾಲಿ ಸೇರಿದರೆ ಮೂವತ್ತು ಹೊರೆಯಾಳುಗಳಲ್ಲಿ ಹೆಚ್ಚಿನವರ ಬೆನ್ನ ಮೇಲೆ ಇದ್ದುದು ಫೋಟೋ ಸಾಮಾನೇ.

ಗಾಜನ್ನು ಹೊರಿಸುವುದಕ್ಕೂ ಕ್ರಮವಿದೆ. ಒಂದರ ಮೇಲೊಂದು ಮಲಗಿಸಿದರೆ ಕುದುರೆಯ ಒಂದೊಂದು ಕುಲುಕಿಗೂ ಕೆಳಗಿನದು ಸೀಳುತ್ತದೆ. ಒಳಬದಿಗೆ ಸಾಲುಸೀಳು ಕೊರೆದ ಮರದ ಪೆಟ್ಟಿಗೆಯಲ್ಲಿ, ತಟ್ಟೆಗೂಡಿನ ತಟ್ಟೆಗಳಂತೆ, ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಬೇಕು. ಮಧ್ಯ ಏಷ್ಯಾದ ದಾರಿಗಳಲ್ಲಿ ಯಖ್‌ದಾನ್ ಎಂಬ ಚರ್ಮ ಹೊದಿಸಿದ ಪೆಟ್ಟಿಗೆಗಳು ಜೋಡಿಯಾಗಿ ಕುದುರೆಯ ಎರಡು ಬದಿಗೆ ತೂಗುತ್ತಿದ್ದವು. ಎರಡರ ತೂಕ ಸಮ ಇರಬೇಕು, ಇಲ್ಲದಿದ್ದರೆ ಜೀನು ಜಾರಿ ಪ್ರಾಣಿಯ ಬೆನ್ನು ಹುಣ್ಣಾಗುತ್ತದೆ. ಶಿಯೋಕ್‌ನಂಥ ನದಿ ದಾಟುವಾಗ ನೀರು ಕುದುರೆಯ ಹೊಟ್ಟೆ ಮುಟ್ಟುತ್ತದೆ, ಪೆಟ್ಟಿಗೆ ತಳದ ಗಾಜುಗಳು ತೊಯ್ಯುತ್ತವೆ.

ಹೊರೆಯಾಳು, ಕುದುರೆಯವ, ನೀರು ತರುವವ, ಡೇರೆ ಕಟ್ಟುವವ ಇಷ್ಟೂ ಜನ ಒಂದು ಫಲಕದ ಹಿಂದೆ ಇದ್ದರು. ವರದಿಗಳಲ್ಲಿ ಅವರ ಸಂಖ್ಯೆ ಸಿಗುತ್ತದೆ, ಹೆಸರು ಸಿಗುವುದು ಅಪರೂಪ. ಇದು ನೋಯಿಸುವ ಕೊರತೆ, ಯಾಕೆಂದರೆ ಹತ್ತು ನಿಮಿಷದ ಓಟದಲ್ಲಿ ನೀರಿನ ಪಾತ್ರೆ ಸರಿಯಾದ ಹೊತ್ತಿಗೆ ಕೈಗೆ ಬರದಿದ್ದರೆ ಆ ಚಿತ್ರವೇ ಇರುತ್ತಿರಲಿಲ್ಲ.

ಒಣ ಫಲಕ ಬಂದ ಮೇಲೆ

1871ರಲ್ಲಿ ರಿಚರ್ಡ್ ಮ್ಯಾಡಾಕ್ಸ್ ಕೊಲೋಡಿಯನ್ ಬದಲು ಜೆಲಾಟಿನ್ ಬಳಸುವ ದಾರಿ ತೋರಿದ. 1880ರ ಹೊತ್ತಿಗೆ ಕಾರ್ಖಾನೆಯಲ್ಲಿ ಸಿದ್ಧವಾದ ಒಣ ಫಲಕಗಳು ಪೆಟ್ಟಿಗೆಯಲ್ಲಿ ಸಿಗತೊಡಗಿದವು. ಡೇರೆ, ತೊಟ್ಟಿ, ಈಥರ್ ಎಲ್ಲ ಹೋದವು. ಚಿತ್ರ ಇಂದು ತೆಗೆದು ವಾರಗಳ ನಂತರ ಡೆವಲಪ್ ಮಾಡಬಹುದು, ಲೆನ್ಸ್ ತೆರೆಯುವ ಹೊತ್ತು ಸೆಕೆಂಡಿನ ಭಾಗಕ್ಕಿಳಿಯಿತು. 1890ರಲ್ಲಿ ಪಾರಿಸಿನ ಪಾಲ್ ನಾದಾರ್ ಈಸ್ಟ್‌ಮನ್‌ನ ರೋಲ್ ಫಿಲ್ಮ್ ಹಿಡಿದು ತುರ್ಕಿಸ್ತಾನಕ್ಕೆ ಹೋದಾಗ ಸಮರ್ಕಂದಿಗೆ ರೈಲೇ ಬಂದಿತ್ತು. ಆತನ ಚಿತ್ರಗಳಲ್ಲಿ ಸಂತೆಯ ಜನ ನಡೆಯುತ್ತಲೇ ಸಿಕ್ಕಿಬೀಳುತ್ತಾರೆ, ಯಾರೂ ಉಸಿರು ಬಿಗಿಹಿಡಿದು ನಿಂತಿಲ್ಲ.

ಆದರೂ ಗಂಭೀರ ಯಾತ್ರಿಕರು ಇನ್ನೂ ಬಹುಕಾಲ ಗಾಜನ್ನು ಬಿಡಲಿಲ್ಲ, ಅವರ ಎಣಿಕೆ ಸರಿಯಾಗಿಯೇ ಇತ್ತು. ಆಗಿನ ಫಿಲ್ಮ್ ಒಣ ಚಳಿಯಲ್ಲಿ ಸೆಡೆತು ಸೀಳುತ್ತಿತ್ತು. ಬೇಗ ಸುತ್ತಿದರೆ ಸ್ಥಿರ ವಿದ್ಯುತ್ತಿನ ಕಿಡಿ ಹಾರಿ ನೆಗೆಟಿವ್ ಮೇಲೆ ಮರದ ಕೊಂಬೆಯಂಥ ಗುರುತು ಮೂಡುತ್ತಿತ್ತು. ಗಾಜು ಬಾಗುವುದಿಲ್ಲ, ಹಿಗ್ಗುವುದಿಲ್ಲ, ಚಿತ್ರದಿಂದ ಕೋನ ಅಳೆದು ನಕ್ಷೆ ಮಾಡುವವರಿಗೆ ಅದೇ ಬೇಕು. ಒಣ ಫಲಕಕ್ಕೂ ಅದರದೇ ಕಾಯಿಲೆಗಳಿದ್ದವು. ನೀರು ತುಸು ಬೆಚ್ಚಗಿದ್ದರೆ ಜೆಲಾಟಿನ್ ಅಂಚಿನಿಂದ ನೆರಿಗೆಗಟ್ಟಿ ಏಳುತ್ತದೆ. ಬೆಳಕು ಕಂಡ ಫಲಕಗಳ ನಡುವೆ ಅಚ್ಚಾದ ಕಾಗದ ಇಟ್ಟು ಕಟ್ಟಿದರೆ ಅಕ್ಷರಗಳೇ ಚಿತ್ರದ ಮೇಲೆ ಬಂದುಬಿಡುತ್ತವೆ.

ಮಧ್ಯ ಏಷ್ಯಾದ ಹಳೆಯ ನೆಲೆಗಳನ್ನು ಅಗೆದ ಪುರಾತತ್ತ್ವಜ್ಞ ಆರೆಲ್ ಸ್ಟೈನ್ ಈ ಒಣ ಫಲಕದ ಕಾಲದವ. 1906ರ ಡಿಸೆಂಬರಿನಲ್ಲಿ ತಾರಿಮ್ ಬಯಲಿನ ಪೂರ್ವದ ಲೋಪ್ ಮರುಭೂಮಿಗೆ ಇಳಿದಾಗ ಆತ ನೀರನ್ನು ಒಯ್ದದ್ದು ಮಂಜುಗಡ್ಡೆಯ ರೂಪದಲ್ಲಿ, ಚೀಲಗಳಲ್ಲಿ ತುಂಬಿ ಒಂಟೆಗಳ ಮೇಲೆ. ಮಂಜುಗಡ್ಡೆ ಸೋರುವುದಿಲ್ಲ, ಅಗತ್ಯವಿದ್ದಷ್ಟೇ ಕರಗಿಸಬಹುದು, ಅದಕ್ಕೇ ಮರುಭೂಮಿಯ ಅಗೆತ ನಡುಚಳಿಗಾಲದಲ್ಲಿ ನಡೆಯುತ್ತಿತ್ತು. ಕುಡಿಯುವ ನೀರೇ ಹೀಗೆ ಅಳೆದು ಬರುವಾಗ ಡೆವಲಪ್ ಮಾಡಲು ಎಷ್ಟು ಉಳಿದೀತು? ಹಸಿ ಕೊಲೋಡಿಯನ್ ಕಾಲದಲ್ಲಾಗಿದ್ದರೆ ಲೋಪ್‌ನ ಆ ಚಿತ್ರಗಳು ಇರುತ್ತಲೇ ಇರಲಿಲ್ಲ. ಆ ಯಾತ್ರೆಯಲ್ಲಿ ಆತನ ಜೊತೆಗಿದ್ದ ಸೇನೆಯ ನಾಯಕ್ ರಾಮ್ ಸಿಂಗ್ 1908ರಲ್ಲಿ ಕಣ್ಣಿನ ಕಾಯಿಲೆಯಿಂದ ದೃಷ್ಟಿ ಕಳೆದುಕೊಂಡ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕುನ್‌ಲುನ್ ಪರ್ವತದ ಸುಮಾರು 20,000 ಅಡಿ ಎತ್ತರದ ದಿಣ್ಣೆಯಲ್ಲಿ, ಸುತ್ತಲ ಶಿಖರಗಳ ಸರಣಿ ಚಿತ್ರ ತೆಗೆದು ನಕ್ಷೆ ಮಾಡುವ ಕೆಲಸದಲ್ಲಿ ತಡವಾಗಿ, ಸ್ಟೈನ್‌ನ ಕಾಲಿಗೆ ಹಿಮಕಡಿತವಾಯಿತು. ಕಾರಕೋರಂ ದಾಟಿಸಿ ಲೇಹ್‌ಗೆ ಹೊತ್ತು ತಂದ ಮೇಲೆ, ಅಲ್ಲಿನ ಮೊರೇವಿಯನ್ ಮಿಷನ್ನಿನಲ್ಲಿ ಬಲಗಾಲಿನ ಬೆರಳುಗಳನ್ನು ತೆಗೆಯಬೇಕಾಯಿತು.

ಚಿತ್ರವನ್ನು ಓದುವಾಗ

ಹಳೆಯ ಫಲಕಗಳು ನೀಲಿ ಮತ್ತು ಅತಿನೇರಳೆ ಬೆಳಕಿಗಷ್ಟೇ ಸ್ಪಂದಿಸುತ್ತವೆ. ನೀಲಿ ಆಕಾಶ ಅವಕ್ಕೆ ಬಿಳಿ, ಮೋಡವೂ ಬಿಳಿ, ಹಿಮವೂ ಬಿಳಿ. ಹೀಗಾಗಿ ಹಿಮಶಿಖರದ ಅಂಚು ಆಕಾಶದಲ್ಲಿ ಕರಗಿಹೋಗುತ್ತದೆ. ಕೆಲವರು ನೆಗೆಟಿವ್‌ನಲ್ಲಿ ಆಕಾಶದ ಭಾಗಕ್ಕೆ ಕಪ್ಪು ಬಣ್ಣ ಬಳಿದು ಅಂಚನ್ನು ಉಳಿಸಿಕೊಂಡರು, ಭೂತಗನ್ನಡಿ ಹಿಡಿದರೆ ಶಿಖರದ ಸಾಲಿನುದ್ದಕ್ಕೂ ಕುಂಚದ ಗೆರೆ ಕಾಣುತ್ತದೆ. ಕೆಂಪು, ಹಳದಿ ಇವಕ್ಕೆ ಕಪ್ಪು. ಲಾಮಾನ ಕೆಂಪು ವಸ್ತ್ರ, ಕಾಶ್ಗರಿನ ಹಳದಿ ರೇಷ್ಮೆಯ ಪಟ್ಟೆ ಗಾಢವಾಗಿಯೂ, ಕಡುನೀಲಿ ಅಂಗಿ ತೆಳುವಾಗಿಯೂ ಬರುತ್ತವೆ. ಹಳೆಯ ಚಿತ್ರ ನೋಡಿ ಉಡುಪಿನ ಬಣ್ಣ ಊಹಿಸುವವರು, ಈಗ ಕಂಪ್ಯೂಟರಿನಲ್ಲಿ ಬಣ್ಣ ತುಂಬುವವರು, ಇಲ್ಲಿ ಎಡವುವುದೇ ಹೆಚ್ಚು. ಬಿಸಿಲಿಗೆ ಸುಟ್ಟ ಮುಖ ನಿಜಕ್ಕಿಂತ ಕಪ್ಪಾಗಿ, ಸುಕ್ಕುಗಳು ನಿಜಕ್ಕಿಂತ ಆಳವಾಗಿ ಕಾಣುವುದಕ್ಕೂ ಇದೇ ಕಾರಣ. ಬೀದಿ ಖಾಲಿ ಕಂಡರೆ ಊರು ಪಾಳು ಬಿದ್ದಿತ್ತೆಂದು ತಿಳಿಯಬಾರದು, ನಡೆದುಹೋದವರು ಗಾಜಿನ ಮೇಲೆ ಉಳಿದಿಲ್ಲ ಅಷ್ಟೇ. ನಾಲ್ಕು ಕಾಲಿನ ಕುದುರೆಗೆ ಎರಡು ತಲೆ ಇದ್ದರೆ ಅದು ತಲೆ ಕೊಡವಿತೆಂದು ಅರ್ಥ.

ಮನುಷ್ಯ ಬೇಕೆಂದೇ ಮಾಡಿದ ಬದಲಾವಣೆಗಳೂ ಇವೆ. ಗಾನ್ಸುವಿನ ಬೌದ್ಧ ಗುಹೆಗಳ ತಾಣ ದುನ್‌ಹುವಾಂಗ್‌ನ 16ನೇ ಗುಹೆಯ ಪ್ರಸಿದ್ಧ ಚಿತ್ರದಲ್ಲಿ, ಒಳಗಿನ ಚಿಕ್ಕ ಗ್ರಂಥಕೋಣೆಯ ಬಾಗಿಲ ಬಳಿ ಹಸ್ತಪ್ರತಿಗಳ ಕಟ್ಟುಗಳು ರಾಶಿ ಬಿದ್ದಿವೆ. ಸ್ಟೈನ್ 1907ರಲ್ಲಿ ತೆಗೆದ ಮೂಲ ಫಲಕದಲ್ಲಿ ಆ ರಾಶಿ ಇಲ್ಲ. ಬೇರೊಂದು ನೆಗೆಟಿವ್‌ನಿಂದ ಅದನ್ನು ಸೇರಿಸಿ, 1912ರ ಆತನ ಪ್ರವಾಸಗ್ರಂಥದಲ್ಲಿ ಅಚ್ಚುಹಾಕಲಾಯಿತು. ಗುಹೆಯ ಕಾವಲಿದ್ದ ವಾಂಗ್ ಯುವಾನ್‌ಲುವಿನ ಮೂಲಕ ಕಟ್ಟುಗಳು ಗುಟ್ಟಾಗಿ, ರಾತ್ರಿಯಲ್ಲಿ ಹೊರಬಂದವು, ಹಾಗಾಗಿ ಅವು ಆ ಜಾಗದಲ್ಲಿ ಹಾಗೆ ಬಿದ್ದದ್ದನ್ನು ಯಾರೂ ಚಿತ್ರ ತೆಗೆದಿಲ್ಲ. ಆ ಚಿತ್ರವನ್ನು ದಾಖಲೆ ಎಂದು ಇಂದೂ ಹಂಚುವವರು ಇದನ್ನು ತಿಳಿದಿರಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಅದರ ಪಕ್ಕದಲ್ಲಿ ಮುಂದಿನ ವರ್ಷ ಶಾರ್ಲ್ ನೂಯೆತ್ ತೆಗೆದ ಚಿತ್ರ ಇಟ್ಟು ನೋಡಬೇಕು: ಮೂರು ಮೀಟರ್ ಅಗಲವೂ ಇಲ್ಲದ ಅದೇ ಕೋಣೆಯೊಳಗೆ ಫ್ರೆಂಚ್ ವಿದ್ವಾಂಸ ಪಾಲ್ ಪೆಲಿಯೋ ಕುಕ್ಕರಗಾಲಲ್ಲಿ ಕೂತಿದ್ದಾನೆ, ಸುತ್ತ ಹಸ್ತಪ್ರತಿಗಳ ಗೋಡೆ, ಓದಲು ಒಂದು ಮೇಣದ ಬತ್ತಿ.

ಬ್ರಿಟಿಷ್ ಲೈಬ್ರರಿಯಂಥ ಸಂಗ್ರಹಗಳ ಜಾಲತಾಣದಲ್ಲಿ ಇಂಥ ಚಿತ್ರ ತೆರೆದಾಗ, ಸಿಕ್ಕರೆ ಅಂಚು ಕತ್ತರಿಸದ ಪ್ರತಿಯನ್ನೇ ಆರಿಸಿ ದೊಡ್ಡದು ಮಾಡಿ. ಪುಸ್ತಕಗಳಲ್ಲಿ ಅಂದಚೆಂದಕ್ಕೆಂದು ಕತ್ತರಿಸಿದ ಭಾಗದಲ್ಲೇ ಧೂಮಕೇತುವಿನ ಬಾಲಗಳೂ ಚಿಪ್ಪಿನ ಕಲೆಗಳೂ ಇರುತ್ತವೆ. ಹಸಿ ಕೊಲೋಡಿಯನ್ ಫಲಕವಾದರೆ ನಾಲ್ಕು ಮೂಲೆಗಳಲ್ಲಿ ಒಂದು ಕಪ್ಪಾಗಿ, ಅರೆವೃತ್ತಾಕಾರದಲ್ಲಿ ಬೋಳಾಗಿರುತ್ತದೆ. ಪದರ ಹರಡದ ಆ ಜಾಗ, ಕೊಲೋಡಿಯನ್ ಸುರಿಯುವಾಗ ಗಾಜನ್ನು ಹಿಡಿದಿದ್ದ ಹೆಬ್ಬೆರಳಿನದು.